ಚಾದರದ ಇನ್ನೊಂದು ತುದಿ

ಪುಣೆಯ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಸೊಲ್ಲಾಪುರದ ಚಾದರ ಇದ್ದೇ ಇರುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ಜಕಾರ್ಡ್ ಮಗ್ಗದಲ್ಲಿ ನೇಯ್ದ ದಪ್ಪ ಹತ್ತಿಯ ಹೊದಿಕೆಯದು. ಹೊದೆಯಲು ಹಿತ, ಒಗೆಯಲು ಮಾತ್ರ ಬೇಸರ! ನೀರು ಕುಡಿದರೆ ಒಬ್ಬರಿಗೆ ಎತ್ತಲಾಗದು. ಹಾಗಾಗಿ ಒಗೆತ ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ಅಷ್ಟರಲ್ಲಿ ಬೆವರು, ತಲೆಯ ಎಣ್ಣೆ, ಉದುರಿದ ಚರ್ಮದ ಪುಡಿ ಎಲ್ಲವೂ ಹಾಸಿಗೆ ಸೇರಿರುತ್ತವೆ. ಆ ಪುಡಿಯೇ ಕಣ್ಣಿಗೆ ಕಾಣದ ಧೂಳುಹುಳಗಳ ಊಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿನ ತೇವವಂತೂ ಅವಕ್ಕೆ ಹಬ್ಬ. ಉಬ್ಬಸದವರಿರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

60 ಡಿಗ್ರಿ ಬಿಸಿನೀರಿಗೆ ಈ ಹುಳಗಳು ಸಾಯುತ್ತವೆ. ಬಿಳಿ ಹಾಸು, ದಿಂಬಿನ ಗವಸಿಗೆ ಅದೇ ಸರಿ, ಅದೂ ವಾರಕ್ಕೊಮ್ಮೆ. ಬಣ್ಣದ ಚಾದರಕ್ಕೆ ತಣ್ಣೀರು. ಹೊಸದನ್ನು ಬೇರೆಯಾಗಿಯೇ ನೆನೆಸಿ. ಸೋಪಿನ ಪುಡಿ ಹೆಚ್ಚು ಸುರಿದಷ್ಟೂ ಶುಭ್ರವೆಂಬುದು ಸುಳ್ಳು. ಜಾಲಿಸಿದರೂ ಹೋಗದೆ ಉಳಿದ ಸೋಪು ಬಟ್ಟೆಯನ್ನು ಗಡುಸು ಮಾಡುತ್ತದೆ.

ಇನ್ನು ಹಿಂಡುವುದು. ಇಬ್ಬರು ಎದುರುಬದುರು ನಿಂತು ತಿರುಚಬೇಕು. ಆ ಇನ್ನೊಂದು ತುದಿ ಹಿಡಿಯಲು ಬಹುಪಾಲು ಮನೆಗಳಲ್ಲಿ ಮಗಳನ್ನೇ ಕರೆಯುತ್ತಾರೆ. ಈ ಭಾನುವಾರ ಪೇಪರ್ ಮಡಿಚಿಟ್ಟು ಯಜಮಾನರೇ ಎದ್ದು ಬರಲಿ.