ಮನೇಲಿ ಎಷ್ಟು ಜನ?

ಮೈಸೂರಿನ ಕೆ.ಆರ್. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ಕೈಬೀಸಿಕೊಂಡು ಹೋಗುವುದಿಲ್ಲ. ಎಳನೀರು, ಬಾಳೆಹಣ್ಣು ಏನಾದರೂ ಇರಲೇಬೇಕು. ಅದು ನಮ್ಮ ಪ್ರೀತಿ, ಸರಿ. ಆದರೆ ಕಿಡ್ನಿ ಕೈಕೊಟ್ಟವರಿಗೆ ಅದೇ ಎಳನೀರು ಅಪಾಯ. ಅದರ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರಿದರೆ ಎದೆಬಡಿತ ತಪ್ಪಬಹುದು.

ನನಗೆ ಗೊತ್ತಿರುವ ಹುಡುಗಿಯೊಬ್ಬಳು ನಗರದ ಆಸ್ಪತ್ರೆಯೊಂದರಲ್ಲಿ ಡಯಟೀಷಿಯನ್ ಇಂಟರ್ನ್. ವಾರ್ಡಿನಿಂದ ವಾರ್ಡಿಗೆ ಅವಳ ಓಡಾಟ. ಸುಟ್ಟಗಾಯದವರಿಗೆ ಇನ್ನೊಂದು ಮೊಟ್ಟೆ ತಿನ್ನಿ ಎಂದು ಗೋಗರೆಯುವವಳು, ಡಯಾಲಿಸಿಸ್ ಹಂತಕ್ಕೆ ಬಾರದ ಕಿಡ್ನಿ ರೋಗಿಗೆ ಬೇಳೆಯನ್ನೂ ಅಳೆದು ಹೇಳಬೇಕು. ಐಸಿಯುನಲ್ಲಿ ಊಟವೆಂದರೆ ಮೂಗಿನ ನಳಿಕೆಯಲ್ಲಿ ಇಳಿಯುವ ದ್ರವ, ಅಷ್ಟೆ.

ಸಕ್ಕರೆ ಕಾಯಿಲೆಯ ತಾತ ಒಬ್ಬರು ಕೇಳಿದರಂತೆ: “ಮುದ್ದೆ ತಿಂದ್ರೆ ಶುಗರ್ ಏರಲ್ಲ ಅಲ್ವೇನವ್ವಾ?” “ಎಷ್ಟು ದಪ್ಪ ಮುದ್ದೆ ತಾತಾ?” ಅವರು ಎರಡೂ ಅಂಗೈ ಕೂಡಿಸಿ ತೋರಿಸಿದರು! ಇವಳು ಬೇಡ ಅನ್ನಲಿಲ್ಲ. ಅಡುಗೆ ಮಾಡುವ ಸೊಸೆಯನ್ನು ಕರೆದು, ಮುದ್ದೆ ಅರ್ಧ ಮಾಡಿ, ಸೊಪ್ಪಿನ ಸಾರು ಎರಡರಷ್ಟು ಹಾಕಿ ಎಂದಳು. ‘ಬೇಡ’ಗಳ ಪಟ್ಟಿ ಯಾರು ಬೇಕಾದರೂ ಬರೆದುಕೊಡಬಹುದು. ಓಟ್ಸ್, ಸೇಬು ಎಂದು ಅಚ್ಚು ಹಾಕಿಸಿದ ಚಾರ್ಟು ಕೂಲಿ ಮಾಡುವವರ ಮನೆಯಲ್ಲಿ ಗೋಡೆಗೆ ಅಂಟಿಸಲು ಮಾತ್ರ ಸರಿ.

ಅವಳ ಕಣ್ಣು ತೆರೆಸಿದ್ದು ಕ್ಷಯರೋಗಿಗಳು. ಅವರ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಹಾಕುತ್ತಿತ್ತು. 2024ರ ನವೆಂಬರಿನಿಂದ ಅದು 1000. ಹಣ ರೋಗಿಯ ಹೆಸರಿಗೆ ಬರುತ್ತದೆ, ಪಾತ್ರೆ ಮಾತ್ರ ಮನೆಗೆಲ್ಲ ಒಂದೇ. ಮಕ್ಕಳು ಎದುರಿಗೆ ಕೂತು ನೋಡುತ್ತಿರುವಾಗ ಯಾವ ಅಪ್ಪನಿಗೆ ಮೊಟ್ಟೆ ಗಂಟಲಲ್ಲಿ ಇಳಿದೀತು? ಈಗ ಅವಳು ಕಾಯಿಲೆ ಯಾವುದೇ ಇರಲಿ, “ಮನೇಲಿ ಎಷ್ಟು ಜನ?” ಎಂದು ಕೇಳಿಯೇ ಪೆನ್ನು ತೆಗೆಯುತ್ತಾಳೆ.

ಇದು ಬರೀ ಕರುಣೆಯ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ಜಾರ್ಖಂಡ್‌ನಲ್ಲಿ ಸಂಶೋಧಕರು ಕ್ಷಯರೋಗಿಗಳ ಮನೆಮಂದಿಗೂ, ದೊಡ್ಡವರಿಗಾದರೆ ತಿಂಗಳಿಗೆ ತಲೆಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು: ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇಕಡಾ 39ರಷ್ಟು ಇಳಿದಿತ್ತು.