ಹೆರಿಗೆ ರಜೆ ಮತ್ತು ನಮ್ಮ ಮಕ್ಕಳ ಪಾಠ

(ಕಾಸರಗೋಡಿನ ಕನ್ನಡ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಿಕೆಯೊಬ್ಬರು ಮಾಡಿದ ಭಾಷಣ)



"ಟೀಚರು ಆರು ತಿಂಗಳು ರಜೆ ಹೋದರೆ ಮಕ್ಕಳ ಗತಿಯೇನು?" ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಆತಂಕ ಸಹಜ. ಆದರೆ ತಪ್ಪು ರಜೆಯದ್ದಲ್ಲ.

1961ರ ಕಾಯಿದೆಯಲ್ಲಿ 12 ವಾರವಿದ್ದ ಹೆರಿಗೆ ರಜೆ, 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರವಾಯಿತು. ಕೇರಳದ ಸರಕಾರಿ ಅಧ್ಯಾಪಿಕೆಯರಿಗೆ 180 ದಿನ. ನನ್ನ ಮೊದಲ ಹೆರಿಗೆಯಾದಾಗ ನಾನು ದಿನವೇತನದವಳು; ರಜೆಯಿರಲಿಲ್ಲ. ನಲ್ವತ್ತನೆಯ ದಿನವೇ ತರಗತಿಗೆ ಬಂದೆ. ಮನೆಯಲ್ಲಿ ಮಗು ಹಾಲಿಗೆ ಅಳುತ್ತಿತ್ತು, ಶಾಲೆಯಲ್ಲಿ ನಾನು ಮಗ್ಗಿ ಹೇಳಿಸುತ್ತಿದ್ದೆ. ಆ ಪಾಠದಿಂದ ಯಾರಿಗೂ ಲಾಭವಾಗಲಿಲ್ಲ.

ಮಕ್ಕಳಿಗೆ ನಿಜವಾದ ನಷ್ಟವಾಗುವುದು ಬದಲಿಗೆ ಯಾರೂ ಬಾರದಿದ್ದಾಗ, ಇಲ್ಲವೇ ಕನ್ನಡ ಬಾರದವರು ಬಂದಾಗ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯಕ್ಕೆ ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ಹೆರಿಗೆಯ ಸಮಯ ತಿಂಗಳುಗಳ ಮೊದಲೇ ಗೊತ್ತಿರುತ್ತದೆ. ರಜೆಯ ಅರ್ಜಿ ಹೋದ ದಿನವೇ, ಕನ್ನಡ ಬಲ್ಲ ಬದಲಿ ಅಧ್ಯಾಪಕರು ಬೇಕೆಂಬ ನಮ್ಮ ಸಂಘದ ಮನವಿಯೂ ಉಪಜಿಲ್ಲಾ ವಿದ್ಯಾಧಿಕಾರಿಗಳಿಗೆ ಹೋಗಲಿ. ತಾಯಿಯ ಹಕ್ಕು, ಮಗುವಿನ ಹಕ್ಕು ಎರಡನ್ನೂ ಒಟ್ಟಿಗೇ ಕೇಳೋಣ.