ಸಾಧುವಾದ ಕಾವಲುನಾಯಿ: ಅದನ್ನು ಪಳಗಿಸುವ ಕ್ರಮ

(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಬರೆದ ಉಪನ್ಯಾಸ)



ಬೇಸಾಯಗಾರನ ಮನೆಯಲ್ಲಿ ಎತ್ತು, ಹಸು, ಕುರಿಗಳಿಗಿರುವಂತೆಯೇ ನಾಯಿಗೂ ಒಂದು ಸ್ಥಾನವುಂಟು. ಕಣದಲ್ಲಿ ರಾಶಿಯಿರುವಾಗಲೂ, ಹೊಲದಲ್ಲಿ ಪೈರು ತೆನೆಗಟ್ಟಿರುವಾಗಲೂ, ರಾತ್ರಿಯ ವೇಳೆ ಕೊಟ್ಟಿಗೆಯ ಬಳಿ ಸಪ್ಪಳವಾದಾಗಲೂ ಮೊದಲು ಎಚ್ಚರಗೊಳ್ಳುವ ಪ್ರಾಣಿಯು ಅದೇ. ಆದರೆ ಹೋರಿಯನ್ನು ನೊಗಕ್ಕೆ ಪಳಗಿಸಲು ತಿಂಗಳುಗಟ್ಟಲೆ ಶ್ರಮಪಡುವ ರೈತನು ನಾಯಿಯನ್ನೂ ಪಳಗಿಸಬೇಕೆಂದು ಯೋಚಿಸುವುದು ಅಪೂರ್ವ. ಇದರ ಫಲವಾಗಿ, ಮನೆಯನ್ನು ಕಾಯಬೇಕಾದ ನಾಯಿಯು ನೆರೆಮನೆಯ ಮಗುವನ್ನು ಕಚ್ಚುವುದೂ, ಎರಡು ಮನೆಗಳ ನಡುವೆ ವೈಮನಸ್ಯ ಹುಟ್ಟಿ ವ್ಯಾಜ್ಯವು ಊರ ಹಿರಿಯರ ಮುಂದೆ ಬರುವುದೂ ಉಂಟು.

ಕಾವಲುನಾಯಿಯು ಕ್ರೂರವಾಗಿರಬೇಕೆಂಬ ಭಾವನೆಯೇ ಈ ಕೇಡಿಗೆ ಮೂಲ. ಕಾವಲಿಗೆ ಬೇಕಾದ ಮುಖ್ಯ ಗುಣವು ಎಚ್ಚರ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಟ್ಟರೆ ನಾಯಿಯ ಕೆಚ್ಚು ಬೆಳೆಯುವುದೆಂದು ಕೆಲವರು ನಂಬುವರು; ವಾಸ್ತವವಾಗಿ ಬೆಳೆಯುವುದು ಅದರ ಭಯ. ಕಟ್ಟಿದ ನಾಯಿಯು ಓಡಿಹೋಗಲಾರದುದರಿಂದ ಸಮೀಪಕ್ಕೆ ಬಂದವರೆಲ್ಲರ ಮೇಲೂ ಎರಗಲು ಕಲಿಯುವುದು. ಅಂಥ ನಾಯಿಯು ಒಂದು ದಿನ ಸರಪಳಿ ಕಿತ್ತುಕೊಂಡಾಗ ಕಳ್ಳನು ಯಾರು, ಕೂಲಿಯಾಳು ಯಾರು ಎಂಬ ವಿವೇಚನೆಯನ್ನು ಅದರಿಂದ ನಿರೀಕ್ಷಿಸಲಾಗದು. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟವನ್ನು ಕೊಡದಿರುವುದು 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಅಪರಾಧವೂ ಆಗಿದೆ.

ಪಳಗಿಸುವ ಕೆಲಸವು ಮರಿಯಿಂದಲೇ ಆರಂಭವಾಗತಕ್ಕದ್ದು. 8 ವಾರ ತುಂಬುವುದಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಅಗಲಿಸಕೂಡದು. ಕಚ್ಚಿನ ಬಿರುಸನ್ನು ಅಂಕೆಯಲ್ಲಿಡುವ ಮೊದಲ ಪಾಠವನ್ನು ಅದು ತಾಯಿಯಿಂದಲೂ ಒಡಹುಟ್ಟಿದ ಮರಿಗಳಿಂದಲೂ ಕಲಿಯುವುದು. ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗಿನ ಕಾಲವು ಬಹು ಅಮೂಲ್ಯವಾದುದು. ಈ ಅವಧಿಯಲ್ಲಿ ಯಾವುದನ್ನು ಅಂಜಿಕೆಯಿಲ್ಲದೆ ನೋಡಿ ಅಭ್ಯಾಸವಾಗುವುದೋ ಅದನ್ನು ಮುಂದೆಯೂ ಸಹಜವೆಂದೇ ಎಣಿಸುವುದು. ಆದುದರಿಂದ ಶಾಲೆಯ ಮಕ್ಕಳು, ಕಂಬಳಿ ಹೊದ್ದವರು, ಕೋಲು ಹಿಡಿದ ವೃದ್ಧರು, ದನ, ಕುರಿ, ಕೋಳಿ, ಟ್ರ್ಯಾಕ್ಟರಿನ ಸದ್ದು, ಇವೆಲ್ಲವನ್ನೂ ಮರಿಗೆ ದೂರದಿಂದ ತೋರಿಸುತ್ತ, ಅದು ನೆಮ್ಮದಿಯಿಂದಿರುವಾಗ ಒಂದು ತುತ್ತು ಕೊಡುತ್ತ, ಕ್ರಮೇಣ ಹತ್ತಿರಕ್ಕೆ ಒಯ್ಯಬೇಕು. ಹೆದರಿದ ಮರಿಯನ್ನು ಬಲವಂತದಿಂದ ಎಳೆದೊಯ್ದರೆ ಭಯವು ಇಮ್ಮಡಿಸುವುದು.

ಪಾಠಕ್ಕೆ ದೀರ್ಘಕಾಲ ಬೇಡ. ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ 5 ನಿಮಿಷ ಸಾಕು. "ಬಾ", "ಕೂರು", "ಬಿಡು", "ಸಾಕು" ಎಂಬ ನಾಲ್ಕು ಮಾತುಗಳನ್ನು ಕಲಿತ ನಾಯಿಯಿಂದ ಮನೆಯ ಬಹುತೇಕ ವ್ಯವಹಾರ ನಡೆಯುವುದು. ಹೇಳಿದಂತೆ ಮಾಡಿದ ಕ್ಷಣದಲ್ಲಿಯೇ ರೊಟ್ಟಿಯ ಚೂರನ್ನೋ ಬೇಯಿಸಿದ ಮೊಟ್ಟೆಯ ತುಣುಕನ್ನೋ ಕೊಡಬೇಕು. ತಡಮಾಡಿ ಕೊಟ್ಟ ಬಹುಮಾನವು ಏತಕ್ಕೆಂದು ನಾಯಿಗೆ ತಿಳಿಯದು. ಮನೆಯವರೆಲ್ಲರೂ ಒಂದೇ ಮಾತನ್ನು ಬಳಸುವುದು ಅವಶ್ಯ. ಮೈಮೇಲೆ ಹಾರಿದಾಗ ಯಜಮಾನನು ಗದರಿಸಿ, ಮಕ್ಕಳು ಮುದ್ದಿಸಿದರೆ, ನಾಯಿಯು ಹಾರುವುದನ್ನೇ ಕಲಿಯುವುದು. ಕರೆದಾಗ ಬಂದ ನಾಯಿಯನ್ನು, ಅದು ಮೊದಲು ಏನೇ ತಪ್ಪು ಮಾಡಿದ್ದರೂ, ಹೊಡೆಯಲೇ ಕೂಡದು. ಹೊಡೆದರೆ ಮರುದಿನ ಅದು ಬಾರದು.

ಶಾಂತಸ್ವಭಾವಕ್ಕೆ ಅತ್ಯಂತ ಉಪಯುಕ್ತವಾದುದು ಗೋಣಿಯ ಪಾಠ. ಜಗಲಿಯ ಒಂದು ಮೂಲೆಯಲ್ಲಿ ಗೋಣಿತಾಟನ್ನು ಹಾಸಿ, ನಾಯಿಯು ಅದರ ಮೇಲೆ ಸುಮ್ಮನೆ ಮಲಗಿದಾಗಲೆಲ್ಲ ಮಾತಿಲ್ಲದೆ ಒಂದು ತುತ್ತನ್ನು ಅಲ್ಲಿಯೇ ಇಡುವುದು. ಕೆಲವು ದಿನಗಳಲ್ಲಿ ಅದು ತಾನಾಗಿ ಅಲ್ಲಿಗೆ ಹೋಗುವುದು. ಅಪರಿಚಿತರು ಬಂದಾಗ ನಾಲ್ಕು ಸಲ ಬೊಗಳಲಿ; ಅದು ಅದರ ಕರ್ತವ್ಯ. ಯಜಮಾನನು ಹೊರಗೆ ಬಂದು ನೋಡಿ "ಸಾಕು" ಎಂದು ಗೋಣಿಯನ್ನು ತೋರಿಸಿದ ಮೇಲೆ ಅದು ಅಲ್ಲಿ ಮಲಗಿದರೆ, ಆ ಮನೆಗೆ ಉತ್ತಮವಾದ ಕಾವಲು ದೊರೆತಂತಾಯಿತು.

ಗುರುಗುಟ್ಟುವ ನಾಯಿಯನ್ನು ಹೊಡೆದು ಸುಮ್ಮನಾಗಿಸುವುದು ಸಾಮಾನ್ಯವಾಗಿ ಕಂಡುಬರುವ ಪ್ರಮಾದ. ಗುರುಗುಟ್ಟುವುದು ಮುನ್ನೆಚ್ಚರಿಕೆ, ಅದನ್ನು ಹೊಡೆತದಿಂದ ಅಡಗಿಸಿದರೆ ನಾಯಿಯು ಸುಳಿವು ಕೊಡದೆಯೇ ಕಚ್ಚಲು ತೊಡಗುವುದು. ಬಾಲ ಮುದುರುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಮುಖ ತಿರುಗಿಸಿ ತುಟಿ ನೆಕ್ಕುವುದು, ಇವು ಅಂಜಿಕೆಯ ಚಿಹ್ನೆಗಳಾಗಿರಬಹುದು. ಇವನ್ನು ಕಂಡೊಡನೆ ದೂರ ಸರಿಯತಕ್ಕದ್ದು. ಉಣ್ಣುವ, ಮಲಗಿದ, ಮರಿಗೆ ಹಾಲೂಡುವ ನಾಯಿಯನ್ನು ಮುಟ್ಟಬಾರದೆಂದು ಮಕ್ಕಳಿಗೂ ಕಲಿಸಬೇಕು. ಚಿಕ್ಕ ಮಗುವನ್ನು ನಾಯಿಯೊಂದಿಗೆ ಒಂಟಿಯಾಗಿ ಬಿಡಲಾಗದು.

ಜಾತಿಗುಣವನ್ನೂ ಗಮನಿಸುವುದು ಯುಕ್ತ. 2005ರಲ್ಲಿ ಭಾರತದ ಅಂಚೆ ಚೀಟಿಯ ಮೇಲೆ ಮುದ್ರಿತವಾದ ಮುಧೋಳದ ನಾಯಿಯು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ಜಾತಿಯದು. ಓಡುವ ಮೊಲವನ್ನು ಕಂಡರೆ ಹೇಗೋ ಓಡುವ ಕೋಳಿಯನ್ನು ಕಂಡರೂ ಹಾಗೆಯೇ ಅದರ ಕಾಲು ನಿಲ್ಲದು. "ಬಾ" ಎಂಬ ಪಾಠವು ದೃಢವಾಗುವವರೆಗೆ ಅದನ್ನು ಉದ್ದನೆಯ ಹಗ್ಗದಲ್ಲಿಯೇ ಓಡಾಡಿಸತಕ್ಕದ್ದು. ಊರಿನ ನಾಡುನಾಯಿಯೂ ಪಾಠ ಕಲಿಯುವುದರಲ್ಲಿ ಯಾವ ಜಾತಿಗೂ ಕಡಮೆಯಲ್ಲ.

ಎಷ್ಟೇ ಸಾಧುವಾಗಿ ಪಳಗಿಸಿದರೂ ಹುಚ್ಚುನಾಯಿ ರೋಗದಿಂದ ಲಸಿಕೆಯೊಂದೇ ರಕ್ಷಣೆ. 1885ರಲ್ಲಿ ಲೂಯಿ ಪಾಶ್ಚರ್ ಎಂಬ ಫ್ರೆಂಚ್ ವಿಜ್ಞಾನಿಯು ಕಚ್ಚಿಸಿಕೊಂಡ ಬಾಲಕನಿಗೆ ಮೊದಲಾಗಿ ಈ ಲಸಿಕೆಯನ್ನು ಪ್ರಯೋಗಿಸಿದನು. ಇಂದಿಗೂ ರೋಗದ ಚಿಹ್ನೆಗಳು ತೋರಿದ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಮರಿಗೆ 3 ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನು ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಪ್ರತಿದಿನ ಕಿವಿ, ಬಾಯಿ, ಪಾದಗಳನ್ನು ಮೃದುವಾಗಿ ಮುಟ್ಟಿ ತುತ್ತು ಕೊಟ್ಟು ಅಭ್ಯಾಸ ಮಾಡಿಸಿದ ನಾಯಿಯು ವೈದ್ಯರ ಮುಂದೆ ಅಲುಗದೆ ನಿಲ್ಲುವುದು. ಪಳಗಿಸಿದ ಶ್ರಮದ ಫಲವು ಅಲ್ಲಿ ಕಾಣುವುದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನಿನಿಂದ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಸಿನ, ಸುಣ್ಣ, ಮೆಣಸಿನಪುಡಿ ಮುಂತಾದುವನ್ನು ಹಚ್ಚದೆ, ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಪಾಶ್ಚರನು 1895ರಲ್ಲಿ ನಿಧನನಾದ ಸೆಪ್ಟೆಂಬರ್ 28ನೆಯ ದಿನವನ್ನು ಈ ರೋಗದ ನಿವಾರಣೆಗಾಗಿ ಲೋಕವೆಲ್ಲ ಆಚರಿಸುತ್ತಿದೆ. ಗ್ರಾಮದ ಮುಖಂಡರು ಪಶುವೈದ್ಯರನ್ನು ಕಂಡು ಆ ಸುಮಾರಿಗೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ನಾಯಿಗಳಿಗೆಲ್ಲ ಲಸಿಕೆ ಹಾಕಿಸಲು ಮುಂದಾಗುವುದು ಶ್ರೇಯಸ್ಕರ. ಮೊದಲನೆಯದಾಗಿ ಮುಖಂಡನ ಮನೆಯ ನಾಯಿಯೇ ಶಾಂತವಾಗಿ ನಿಂತು ಲಸಿಕೆ ಹಾಕಿಸಿಕೊಂಡರೆ, ಉಳಿದ ಹಿಡುವಳಿದಾರರೂ ತಮ್ಮ ನಾಯಿಗಳನ್ನು ಕರೆತರಲು ಹಿಂಜರಿಯಲಾರರು.